ಕೈದಿಯ ಊರಿಗೆ ಹೋಗಿ ಬರುವವರು

ಡಿಸೆಂಬರ್ ತಿಂಗಳ ಒಂದು ಬೆಳಗು. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ತೊಗರಿ ಕಟಾವಿನ ದಿನಗಳಾದ್ದರಿಂದ ಊರಿನಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಹೆಚ್ಚು ಜನರಿಲ್ಲ. ಕಲಬುರಗಿಯಿಂದ ಬಂದ ಸರ್ಕಾರಿ ಬಸ್ಸಿನಿಂದ ಹೆಣ್ಣುಮಗಳೊಬ್ಬಳು ಇಳಿಯುತ್ತಾಳೆ. ವಯಸ್ಸು ಮೂವತ್ತರ ಆಸುಪಾಸು. ಕೈಯಲ್ಲಿ ರಟ್ಟಿನ ಫೈಲು. ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಒಂದು ಮನೆಯ ಗುರುತು ಕೇಳುತ್ತಾಳೆ. ಅವರು ಮೊದಲು ಫೈಲು ನೋಡುತ್ತಾರೆ, ಆಮೇಲೆ ಮುಖ.

‘ಯಾಕ್ರೀ ಬಾಯಾರ, ಅಂವ ಬಿಡುಗಡಿ ಆಗಿ ಬರ್ಲಿಕತ್ತಾನೇನ್ರಿ?’

ಊರಿಗೆ ಸುದ್ದಿ ಆಗಲೇ ಮುಟ್ಟಿದೆ. ಮನೆ ಎಲ್ಲಿದೆ ಎಂದು ಕೈ ತೋರಿಸುವವರಿದ್ದಾರೆ, ಜೊತೆಗೆ ಬರುವವರು ಯಾರೂ ಇಲ್ಲ. ಆ ಮನೆಯಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬನಿದ್ದಾನೆ. ಅಪ್ಪ ಜೈಲಿಗೆ ಹೋದಾಗ ಅವನು ತೊಟ್ಟಿಲಲ್ಲಿದ್ದ. ಅಪ್ಪನನ್ನು ಅವನು ನೋಡಿರುವುದು ಕಲಬುರಗಿಯ ಕೇಂದ್ರ ಕಾರಾಗೃಹದ ಭೇಟಿಯ ಕೋಣೆಯಲ್ಲಿ ಮಾತ್ರ.

ಈ ಊರು, ಈ ಹುಡುಗ ಊಹೆಯವು. ಫೈಲು ಹಿಡಿದು ಬಸ್ಸಿಳಿಯುವ ಆ ಕೆಲಸ ಮಾತ್ರ ಊಹೆಯದಲ್ಲ. ಕೊಲೆ ಮಾಡಿ ಜೀವಾವಧಿ ಶಿಕ್ಷೆಗೆ ಗುರಿಯಾದವನು ಹದಿನಾಲ್ಕು, ಹದಿನೈದು ವರ್ಷ ಕಳೆದ ಮೇಲೆ ಮನೆಗೆ ಬರಬಹುದೇ? ಬಂದರೆ ಊರು ಹೇಗೆ ತಗೊಂಡೀತು? ಅವನು ಬದುಕುವುದಾದರೂ ಹೇಗೆ? ತೀರ್ಮಾನ ಕೈಗೊಳ್ಳುವವರು ಬೆಂಗಳೂರಿನಲ್ಲಿ ಕುಳಿತಿರುತ್ತಾರೆ. ಅವರು ಈ ಊರನ್ನು ನೋಡಿದವರಲ್ಲ, ನೋಡುವವರೂ ಅಲ್ಲ. ಅವರ ಕಣ್ಣು, ಕಿವಿ ಎರಡೂ ಆ ಫೈಲಿನೊಳಗೆ ಸೇರಲಿರುವ ಎರಡು ಮೂರು ಪುಟಗಳ ವರದಿ.

ಡಾಕ್ಟರ್, ಎಂಜಿನಿಯರ್, ಪಿ.ಎಸ್.ಐ., ತಹಶೀಲ್ದಾರ್ ಎಂದು ಪಟ್ಟಿ ಮಾಡುವ ನಮ್ಮ ಮನೆಗಳಲ್ಲಿ ಈ ಉದ್ಯೋಗದ ಹೆಸರೇ ಯಾರಿಗೂ ನೆನಪಾಗುವುದಿಲ್ಲ.

ಚಮ್ಮಾರನಿಂದ ಆರಂಭವಾದ ಕೆಲಸ

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆಂದೇ ಬೇರೆ ಹುದ್ದೆಗಳಿವೆ. ಉದಾಹರಣೆಗೆ ಜಾರ್ಜಿಯಾ ರಾಜ್ಯದಲ್ಲಿ ಕ್ಷಮಾದಾನದ ಅಧಿಕಾರ ಗವರ್ನರ್ ಕೈಯಲ್ಲಿಲ್ಲ, ಐವರು ಸದಸ್ಯರ ಮಂಡಳಿಯೊಂದರ ಕೈಯಲ್ಲಿದೆ. ಕೈದಿಯ ಹಿನ್ನೆಲೆ, ಅಪರಾಧದ ಸ್ವರೂಪ, ಮನೆಯ ಪರಿಸ್ಥಿತಿ ಇವನ್ನೆಲ್ಲ ವಿಚಾರಿಸಿ ವರದಿ ಕೊಡುವ ಸಿಬ್ಬಂದಿ ಆ ಮಂಡಳಿಗಿದ್ದಾರೆ.

ನಮ್ಮಲ್ಲಿ ಈ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗಿದೆ. ಜೈಲಿನೊಳಗಿನ ನಡತೆಯನ್ನು ಬರೆಯುವುದು ಕಾರಾಗೃಹದ ಅಧಿಕಾರಿ. ಊರಿನ ಶಾಂತಿ, ಸುವ್ಯವಸ್ಥೆಯ ಮಾತು ಪೊಲೀಸ್ ಠಾಣೆಯದು. ಮನೆಯೊಳಗೆ ಹೋಗಿ, ಚಾಪೆಯ ಮೇಲೆ ಕುಳಿತು, ಕುಟುಂಬದ ಸ್ಥಿತಿಗತಿ ತಿಳಿದು ಬರೆಯುವವರು ಪರಿವೀಕ್ಷಣಾಧಿಕಾರಿ. ಜನರ ಬಾಯಲ್ಲಿ ‘ಪ್ರೊಬೇಷನ್ ಆಫೀಸರ್’. ಹೆಸರು ಕೇಳಿ, ಇನ್ನೂ ಖಾಯಂ ಆಗದ ನೌಕರ ಇರಬೇಕೆಂದು ತಿಳಿಯುವವರೂ ಇದ್ದಾರೆ!

ಈ ಹುದ್ದೆಯ ಮೂಲ ಪುರುಷ ಒಬ್ಬ ಚಮ್ಮಾರ. ಬೋಸ್ಟನ್ ನಗರದ ಜಾನ್ ಅಗಸ್ಟಸ್ 1841ರಲ್ಲಿ ಕೋರ್ಟಿನಲ್ಲಿ ಕುಡುಕನೊಬ್ಬನನ್ನು ಕಂಡು, ‘ಇವನನ್ನು ಜೈಲಿಗೆ ಕಳಿಸಬೇಡಿ, ನನ್ನ ಜವಾಬ್ದಾರಿಗೆ ಬಿಡಿ’ ಎಂದು ನ್ಯಾಯಾಧೀಶರನ್ನು ಕೇಳಿಕೊಂಡ. ಕೆಲವು ವಾರಗಳ ಮೇಲೆ ಅದೇ ಮನುಷ್ಯ ಗುರುತೇ ಸಿಗದಷ್ಟು ಬದಲಾಗಿ ಕೋರ್ಟಿಗೆ ಬಂದ. ಅಗಸ್ಟಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದೆ ನೂರಾರು ಜನರನ್ನು ಹೀಗೆ ತನ್ನ ಜಾಮೀನಿನ ಮೇಲೆ ಬಿಡಿಸಿಕೊಂಡ. ಎಲ್ಲರನ್ನೂ ಕಣ್ಣು ಮುಚ್ಚಿ ಬಿಡಿಸಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಯಾರು, ಎಂಥವರು, ಯಾರ ಸಹವಾಸ ಎಂದು ವಿಚಾರಿಸಿಯೇ ಮುಂದುವರಿಯುತ್ತಿದ್ದ.

ಭಾರತದಲ್ಲಿ ಇದಕ್ಕೆ ಕಾನೂನಿನ ರೂಪ ಬಂದದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದಿಂದ. ಅದರ 14ನೆಯ ಕಲಮು ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳನ್ನು ಹೇಳುತ್ತದೆ. ಆರೋಪಿಯ ಸ್ಥಿತಿಗತಿ ಮತ್ತು ಮನೆಯ ಪರಿಸರ ವಿಚಾರಿಸಿ ಕೋರ್ಟಿಗೆ ವರದಿ ಕೊಡಬೇಕು. ಬಿಡುಗಡೆಯಾದವನ ಮೇಲೆ ಕಣ್ಣಿಟ್ಟಿರಬೇಕು, ಅವನಿಗೆ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕು. ನೊಂದವರಿಗೆ ಕೊಡಬೇಕಾದ ಪರಿಹಾರ ಕೊಡಿಸುವಲ್ಲಿ ನೆರವಾಗಬೇಕು. ಪೊಲೀಸಿನವರ ಕಣ್ಣು, ಮೇಷ್ಟ್ರ ತಾಳ್ಮೆ, ಹಿರಿಯಣ್ಣನ ಕಾಳಜಿ ಮೂರನ್ನೂ ಒಬ್ಬರಲ್ಲೇ ಬೇಡುವ ಕಲಮು ಅದು.

ಪೆರೋಲು ಬೇರೆ, ಕ್ಷಮಾದಾನ ಬೇರೆ

ಪತ್ರಿಕೆಗಳಲ್ಲಿ ಈ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಪೆರೋಲು ಎಂದರೆ ನಿರ್ದಿಷ್ಟ ಕಾರಣಕ್ಕೆ ಕೆಲವು ದಿನಗಳ ಮಟ್ಟಿಗೆ ಸಿಗುವ ಬಿಡುಗಡೆ. ತಾಯಿಗೆ ಕಾಯಿಲೆ, ಮನೆಯಲ್ಲಿ ಮದುವೆ, ಬಿದ್ದ ಮನೆಯ ದುರಸ್ತಿ ಮುಂತಾದ ಕಾರಣಗಳು. ಗಡುವು ಮುಗಿದ ದಿನ ಜೈಲಿನ ಬಾಗಿಲಿಗೆ ಮರಳಬೇಕು. ಫರ್ಲೋ ಎಂಬುದು ಸನ್ನಡತೆಗಾಗಿ ಸಿಗುವ ರಜೆ, ಅದಕ್ಕೆ ವಿಶೇಷ ಕಾರಣ ಬೇಕಿಲ್ಲ. ಶಿಕ್ಷೆ ಮಾಫಿ ಅಥವಾ ಅವಧಿಪೂರ್ವ ಬಿಡುಗಡೆ ಎಂದರೆ ಉಳಿದ ಶಿಕ್ಷೆಯನ್ನು ಸರ್ಕಾರ ಮನ್ನಾ ಮಾಡುವುದು. ಕ್ಷಮಾದಾನ ಇವೆಲ್ಲಕ್ಕಿಂತ ಮೇಲಿನದು. ಸಂವಿಧಾನದ 72ನೆಯ ವಿಧಿಯಂತೆ ರಾಷ್ಟ್ರಪತಿಗೂ 161ನೆಯ ವಿಧಿಯಂತೆ ರಾಜ್ಯಪಾಲರಿಗೂ ಆ ಅಧಿಕಾರವಿದೆ. ಅವರು ಅದನ್ನು ಚಲಾಯಿಸುವುದು ಮಂತ್ರಿಮಂಡಲದ ಸಲಹೆಯಂತೆ.

‘ಜೀವಾವಧಿ ಅಂದರೆ ಹದಿನಾಲ್ಕು ವರ್ಷ’ ಎಂಬ ಮಾತು ಹಳ್ಳಿಯ ಕಟ್ಟೆಯಿಂದ ಸಿನಿಮಾದವರೆಗೆ ಎಲ್ಲೆಡೆ ಕೇಳುತ್ತದೆ. ಅದು ತಪ್ಪು. ಜೀವಾವಧಿ ಎಂದರೆ ಜೀವ ಇರುವವರೆಗೆ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧದಲ್ಲಿ ಜೀವಾವಧಿ ಆದವನಿಗೆ, 14 ವರ್ಷ ಜೈಲಿನಲ್ಲಿ ಕಳೆಯುವ ತನಕ ಸರ್ಕಾರ ಶಿಕ್ಷೆ ಮಾಫಿ ಮಾಡುವಂತಿಲ್ಲ ಎಂಬುದಷ್ಟೇ ಕಾನೂನು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನಲ್ಲಿತ್ತು. 1980ರಲ್ಲಿ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 475ನೆಯ ಕಲಮಿನಲ್ಲಿದೆ. ಹದಿನಾಲ್ಕು ತುಂಬಿದ ಕೂಡಲೇ ಬಾಗಿಲು ತೆರೆಯುವುದಿಲ್ಲ, ಫೈಲು ತೆರೆಯುತ್ತದೆ. ಅದೂ ಅರ್ಜಿ ಬರೆಯಲು ಬಾರದ ಕೈದಿಗಳ ಪಾಲಿಗೆ ಎಷ್ಟೋ ಸಲ ತೆರೆಯುತ್ತಿರಲಿಲ್ಲ. ಮಾಫಿ ನೀತಿ ಇರುವ ಕಡೆ ಅರ್ಹರಾದವರ ವಿಷಯವನ್ನು ಅರ್ಜಿ ಬರದಿದ್ದರೂ ಸರ್ಕಾರಗಳು ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2025ರ ಫೆಬ್ರುವರಿಯಲ್ಲಿ ಹೇಳಿತು.

ಪೆರೋಲಿನ ಮಟ್ಟಿಗೆ ನಮ್ಮ ಹೈಕೋರ್ಟಿನ ಎರಡು ಆದೇಶಗಳನ್ನು ಓದುಗರು ಪತ್ರಿಕೆಗಳಲ್ಲಿ ಗಮನಿಸಿರಬಹುದು. 2023ರಲ್ಲಿ ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ಕೈದಿಯೊಬ್ಬನಿಗೆ 15 ದಿನಗಳ ಪೆರೋಲು ಸಿಕ್ಕಿತು. 2024ರಲ್ಲಿ ಇನ್ನೊಬ್ಬನಿಗೆ ಹೊಲದ ಕೆಲಸ ನೋಡಿಕೊಳ್ಳಲು 90 ದಿನ. ಮನೆಯಲ್ಲಿ ಬೇಸಾಯ ಮಾಡುವ ಗಂಡಸರು ಬೇರೆ ಯಾರೂ ಇರಲಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು. ತೊಗರಿ, ಜೋಳದ ನಾಡಿನವರಿಗೆ ಈ ಎರಡನೆಯದರ ಅರ್ಥ ವಿವರಿಸಬೇಕಾಗಿಲ್ಲ. ಬಿತ್ತನೆಯ ಹದ ಒಂದು ವಾರ ತಪ್ಪಿದರೆ ವರ್ಷವೇ ತಪ್ಪಿದಂತೆ.

ಆದರೆ ಇಂಥ ಅರ್ಜಿಗಳು ಹೈಕೋರ್ಟಿನವರೆಗೆ ಹೋಗುವುದಾದರೂ ಏಕೆ? ಬಹಳ ಸಲ ಕಾರಣ ಒಂದೇ. ‘ಈತ ಬಂದರೆ ಊರಿನಲ್ಲಿ ಶಾಂತಿಭಂಗವಾಗುವ ಸಂಭವವಿದೆ’ ಎಂಬ ಒಂದು ಸಾಲಿನ ವರದಿ. ಯಾರು ಭಂಗ ಮಾಡುತ್ತಾರೆ, ಯಾರಿಗೆ ಭಯ, ಯಾರನ್ನು ಕೇಳಿ ಬರೆದದ್ದು ಎಂಬುದು ಅದರಲ್ಲಿ ಇರುವುದಿಲ್ಲ. ಆ ಸಾಲು ನಿಜವೂ ಇರಬಹುದು. ಕುರ್ಚಿಯಲ್ಲಿ ಕುಳಿತೇ ಬರೆದದ್ದೂ ಇರಬಹುದು. ಓದುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದ ಮೇಲೆ ಈ ಭಾಗದವರಿಗೆ ಆ ಬಾಗಿಲು ತಟ್ಟುವುದು ಸ್ವಲ್ಪ ಹತ್ತಿರವಾಗಿದೆ. ಮೊದಲು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು.

ಮೂರು ತಾಲ್ಲೂಕು, ಮೂರು ಬಗೆಯ ವಿಚಾರಣೆ

ಮನೆಗೆ ಹೋದ ಅಧಿಕಾರಿ ಏನು ಕೇಳಬೇಕು? 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಅಂಶಗಳು ಇಂದಿಗೂ ದಾರಿದೀಪ. ಅಪರಾಧ ಒಬ್ಬನ ವೈಯಕ್ತಿಕ ಕೃತ್ಯವೇ, ಸಮಾಜವನ್ನೇ ತಟ್ಟುವಂಥದೇ? ಮತ್ತೆ ಮಾಡುವ ಸಂಭವವಿದೆಯೇ? ಅಪರಾಧ ಮಾಡುವ ಶಕ್ತಿಯೇ ಅವನಲ್ಲಿ ಉಡುಗಿದೆಯೇ? ಇನ್ನೂ ಒಳಗಿಟ್ಟು ಏನಾದರೂ ಪ್ರಯೋಜನವುಂಟೇ? ಕುಟುಂಬದ ಆರ್ಥಿಕ, ಸಾಮಾಜಿಕ ಸ್ಥಿತಿ ಏನು? ಐದೂ ಪ್ರಶ್ನೆಗಳು ಕಾಗದದ ಮೇಲೆ ಸುಲಭ. ಉತ್ತರ ಹುಡುಕಲು ಹೊರಟರೆ ಕಲಬುರಗಿ ಜಿಲ್ಲೆಯ ಒಂದೊಂದು ತಾಲ್ಲೂಕೂ ಒಂದೊಂದು ಪಾಠ ಹೇಳುತ್ತದೆ.

ಆಳಂದ ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲ್ಲೂಕು. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಕೇಳಿಸುತ್ತವೆ. ತಾಂಡಾಕ್ಕೆ ಹೋದರೆ ಲಂಬಾಣಿ. ಎಲ್ಲಕ್ಕಿಂತ ದೊಡ್ಡ ತೊಡಕು ಗುಳೆ. ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ನೋಡಿ ‘ಕುಟುಂಬದವರು ಲಭ್ಯವಿಲ್ಲ’ ಎಂದು ಬರೆದು ಹಿಂದಿರುಗುವುದು ಸುಲಭ. ಹಾಗೆ ಬರೆದರೆ ‘ಇವನನ್ನು ನೋಡಿಕೊಳ್ಳುವವರು ಯಾರೂ ಇಲ್ಲ’ ಎಂದೇ ಮೇಲಿನವರು ಓದುತ್ತಾರೆ. ಪಕ್ಕದ ಮನೆಯವರನ್ನು ಕೇಳಿ, ಫೋನ್ ನಂಬರು ಪಡೆದು, ಯುಗಾದಿಗೋ ಊರ ಜಾತ್ರೆಗೋ ಯಾವಾಗ ಬರುತ್ತಾರೆಂದು ತಿಳಿದು ಮತ್ತೊಮ್ಮೆ ಹೋಗುವವರೇ ಈ ಕೆಲಸಕ್ಕೆ ತಕ್ಕವರು.

ಗಡಿಯದೇ ಇನ್ನೊಂದು ತೊಡಕಿದೆ. ಆಳಂದದ ಹುಡುಗ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಕೆಲಸಕ್ಕಿದ್ದಾಗ ಅಪರಾಧ ಮಾಡಿ, ಅಲ್ಲಿನ ಕೋರ್ಟು ಶಿಕ್ಷೆ ಕೊಟ್ಟಿದ್ದರೆ, ಮಾಫಿ ಮಾಡಬೇಕಾದದ್ದು ಮಹಾರಾಷ್ಟ್ರ ಸರ್ಕಾರ. ಶಿಕ್ಷೆ ವಿಧಿಸಿದ ಕೋರ್ಟು ಯಾವ ರಾಜ್ಯದ್ದೋ ಆ ರಾಜ್ಯಕ್ಕೇ ಅಧಿಕಾರ ಎಂಬುದನ್ನು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಬಿಲ್ಕಿಸ್ ಬಾನು ಪ್ರಕರಣದಲ್ಲಿ ಖಚಿತವಾಗಿ ಹೇಳಿ, ಗುಜರಾತ್ ಸರ್ಕಾರ 11 ಮಂದಿಗೆ ಕೊಟ್ಟಿದ್ದ ಮಾಫಿಯನ್ನು ರದ್ದು ಮಾಡಿತು. ಅಧಿಕಾರ ಅಲ್ಲಿ, ಅವ್ವ ಇಲ್ಲಿ. ವಿಚಾರಣೆಯ ಪತ್ರ ಗಡಿ ದಾಟಿ ಬಂದು, ಉತ್ತರ ಗಡಿ ದಾಟಿ ಹೋಗಬೇಕು.

ಅಫಜಲಪುರದ ಮಾತೇ ಬೇರೆ. ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ ಇರುವ ತಾಲ್ಲೂಕು, ಭೀಮೆಯ ನೀರಿನಿಂದ ಕಬ್ಬು ಬೆಳೆಯುವ ತಾಲ್ಲೂಕು. ಆದರೆ ಹೊರಗಿನವರಿಗೆ ‘ಭೀಮಾ ತೀರ’ ಎಂದ ಕೂಡಲೇ ನೆನಪಾಗುವುದು ಪತ್ರಿಕೆಗಳು ಅಂಟಿಸಿದ ‘ಹಂತಕರು’ ಎಂಬ ಬಾಲ. ಸಿನಿಮಾದವರೂ ಬಿಡಲಿಲ್ಲ, 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಚಿತ್ರವೇ ಬಂತು. ನದಿಯ ದಂಡೆಯಲ್ಲಿ ದ್ವೇಷದ ಕೊಲೆಗಳು ನಡೆದದ್ದು ಸುಳ್ಳಲ್ಲ. ಆದರೆ ಆ ಹೆಸರಿನ ನೆರಳು ಬದುವಿನ ಜಗಳದಲ್ಲಿ ಕೈ ಎತ್ತಿ ಜೈಲು ಸೇರಿದ ರೈತನ ಮೇಲೂ ಬೀಳುತ್ತದೆ. ವೈಷಮ್ಯ ಇನ್ನೂ ಬದುಕಿದೆಯೇ, ಸತ್ತಿದೆಯೇ? ಎರಡೂ ಮನೆಯ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆಯೇ? ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಬರುತ್ತಾರೆಯೇ? ಹೊಲಕ್ಕೆ ಹೋಗುವ ದಾರಿ ಒಂದೆಯೇ, ಬೇರೆಯೇ? ಇವನ್ನು ಕೇಳದೆ ‘ಭೀಮಾ ತೀರದ ಪ್ರಕರಣ’ ಎಂದು ಬರೆದುಬಿಟ್ಟರೆ ಆ ವರದಿ ಸಿನಿಮಾ ನೋಡಿ ಬರೆದದ್ದಕ್ಕಿಂತ ಹೆಚ್ಚೇನೂ ಅಲ್ಲ.

ಜೇವರ್ಗಿಯಲ್ಲಿ ಎದುರಾಗುವುದು ಹೆಚ್ಚಾಗಿ ಹೊಲದ ಲೆಕ್ಕ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೆಳೆಯುವ ಕಪ್ಪು ನೆಲ ಇದು. ಕೈದಿ ಒಳಗಿದ್ದಷ್ಟು ವರ್ಷ ಹೊಲ ಉಳುವವರು ಅಣ್ಣತಮ್ಮಂದಿರು. ಪಾಲಾಗಿಲ್ಲ, ಪಹಣಿಯಲ್ಲಿ ಹೆಸರು ತಂದೆಯದೇ. ‘ತಮ್ಮ ಬರಲಿ’ ಎಂದು ಬಾಯಲ್ಲಿ ಹೇಳುವ ಅಣ್ಣನಿಗೆ ತಮ್ಮ ಬಂದರೆ ಪಾಲು ಕೇಳಿಯಾನು ಎಂಬ ಅಂಜಿಕೆ ಇರಬಹುದು. ಹೆಂಡತಿಯನ್ನು ಬೇರೆಯಾಗಿ ಮಾತನಾಡಿಸಿದರೆ ಮಾತ್ರ ಇದು ತಿಳಿಯುತ್ತದೆ. ಅಧಿಕಾರಿ ಹೆಣ್ಣುಮಗಳಾಗಿದ್ದರೆ ಒಲೆಯ ಹತ್ತಿರ ಕುಳಿತು ರೊಟ್ಟಿ ಬಡಿಯುವವಳ ಜೊತೆ ಹತ್ತು ನಿಮಿಷ ಮಾತಾಡಬಹುದು. ಪಡಸಾಲೆಯಲ್ಲಿ ಗಂಡಸರ ನಡುವೆ ಒಂದು ತಾಸು ಕುಳಿತರೂ ಸಿಗದ ಸಂಗತಿ ಅಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸುವುದೇ ಎಂದು ಹಿಂಜರಿಯುವ ಪಾಲಕರು ಇದನ್ನೊಮ್ಮೆ ಯೋಚಿಸಬಹುದು.

ಹಾಗೆಂದು ಕೆಲಸ ಹಗುರ ಎಂದು ಹೇಳುವಂತಿಲ್ಲ. ಕತ್ತಲಾದ ಮೇಲೆ ಬಸ್ಸಿಲ್ಲದ ಊರುಗಳಿವೆ. ಊರ ಪ್ರಮುಖರು ಚಹಾ ತರಿಸಿ, ಏನು ಬರೆಯಬೇಕೆಂದು ಹೇಳಿಕೊಡುವುದೂ ಉಂಟು.

ಅಫಜಲಪುರದ ಡಾಕ್ಟರು

ಬಿಡುಗಡೆಯ ನಿರ್ಧಾರ ಸರಿಯಾದರೆ ಏನಾಗಬಹುದು? ಅಫಜಲಪುರ ತಾಲ್ಲೂಕಿನಲ್ಲೇ ಉದಾಹರಣೆಯಿದೆ. ರೈತ ಕುಟುಂಬದ ಒಬ್ಬ ಯುವಕ 1997ರಲ್ಲಿ ಕಲಬುರಗಿಯಲ್ಲಿ ಎಂ.ಬಿ.ಬಿ.ಎಸ್. ಸೇರಿದ. ಓದು ನಡೆದಿದ್ದಾಗಲೇ 2002ರಲ್ಲಿ ಕೊಲೆ ಪ್ರಕರಣದಲ್ಲಿ ಬಂಧನವಾಯಿತು. ಮುಂದೆ ಜೀವಾವಧಿ ಶಿಕ್ಷೆ. ಜೈಲಿನ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ನೆರವಾಗುತ್ತ ದಿನ ಕಳೆದ ಆತ ಸನ್ನಡತೆಯ ಮೇಲೆ 2016ರಲ್ಲಿ ಹೊರಬಂದ. ಆಗ ಗೆಳೆಯರೆಲ್ಲ ಹಿರಿಯ ಡಾಕ್ಟರುಗಳಾಗಿದ್ದರು. ತನಗಿಂತ ಎಷ್ಟೋ ಚಿಕ್ಕ ಹುಡುಗ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕುಳಿತು, ಬಿಟ್ಟ ಓದನ್ನು ಮತ್ತೆ ಹಿಡಿದು, 2019ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ. 2020ರ ಆರಂಭದಲ್ಲಿ, ನಲವತ್ತರ ವಯಸ್ಸಿನಲ್ಲಿ, ಇಂಟರ್ನ್‌ಷಿಪ್ ಪೂರೈಸಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು.

ಕೊಲೆಯಾದವನ ಮನೆಯಲ್ಲಿ ಆ ಸುದ್ದಿಯನ್ನು ಹೇಗೆ ಓದಿರಬಹುದು ಎಂಬ ಪ್ರಶ್ನೆಯೂ ಅದರ ಜೊತೆಗೇ ಇದೆ. ವಿಚಾರಣೆಗೆ ಹೋಗುವವರಿಗೆ ಎರಡೂ ಮನೆಗಳ ಬಾಗಿಲು ಗೊತ್ತಿರಬೇಕು.

ವರದಿಯೇ ಕೆಟ್ಟರೆ

ನೆರೆಯ ಆಂಧ್ರಪ್ರದೇಶದಲ್ಲಿ ನಡೆದದ್ದನ್ನು ಈ ಹುದ್ದೆಗೆ ಸೇರುವ ಪ್ರತಿಯೊಬ್ಬರೂ ಓದಬೇಕು. ಕೊಲೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಪ್ರಭಾವಿ ವ್ಯಕ್ತಿಯೊಬ್ಬರ ಉಳಿದ ಶಿಕ್ಷೆಯನ್ನು 2005ರಲ್ಲಿ ರಾಜ್ಯಪಾಲರು ಮನ್ನಾ ಮಾಡಿದರು. ಕೊಲೆಯಾದವರ ಮಗ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಎಪುರು ಸುಧಾಕರ್ ಪ್ರಕರಣ. ಕಡತ ತರಿಸಿ ನೋಡಿದ ನ್ಯಾಯಮೂರ್ತಿಗಳಾದ ಅರಿಜಿತ್ ಪಸಾಯತ್ ಮತ್ತು ಎಸ್.ಎಚ್. ಕಪಾಡಿಯಾ ಅವರ ಕಣ್ಣಿಗೆ ಬಿದ್ದದ್ದರಲ್ಲಿ ಜಿಲ್ಲಾ ಪರಿವೀಕ್ಷಣಾಧಿಕಾರಿಯ ವರದಿಯೂ ಒಂದು. ಕೈದಿ ಕಾಂಗ್ರೆಸ್ ಪಕ್ಷದ ಒಳ್ಳೆಯ ಕಾರ್ಯಕರ್ತ ಎಂದು ಅದರಲ್ಲಿ ಬರೆದಿತ್ತು! ಯಾವ ಪಕ್ಷದ ಕಾರ್ಯಕರ್ತ ಎಂಬುದಕ್ಕೂ ಶಿಕ್ಷೆ ಮಾಫಿಗೂ ಏನು ಸಂಬಂಧ? 2006ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಮಾಫಿಯನ್ನು ರದ್ದು ಮಾಡಿತು. ಕ್ಷಮಾದಾನದ ಅಧಿಕಾರ ಎಷ್ಟೇ ದೊಡ್ಡದಿರಲಿ, ಜಾತಿ, ಧರ್ಮ, ರಾಜಕೀಯ ನಿಷ್ಠೆ ನೋಡಿ ಚಲಾಯಿಸಿದರೆ ಅದು ನಿಲ್ಲುವುದಿಲ್ಲ ಎಂದಿತು.

ಮೇಲಿನವರು ಕೇಳಿದಂತೆ ಬರೆದುಕೊಟ್ಟ ವರದಿ ದೇಶದ ಅತ್ಯುನ್ನತ ಕೋರ್ಟಿನಲ್ಲಿ ಸಾಲು ಸಾಲಾಗಿ ಓದಿಸಿಕೊಂಡಿತು. ಬರೆದವರಿಗೆ ಅದರ ಅಂದಾಜು ಇರಲಿಕ್ಕಿಲ್ಲ.

ಈಚೆಗೆ ಈ ವರದಿಗಳ ತೂಕ ಹೆಚ್ಚಿದೆ. ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಆರೋಪಿಯ ಬಾಲ್ಯ, ಮನೆತನ, ಓದು, ಬಡತನ, ಮನಸ್ಸಿನ ಸ್ಥಿತಿ ಇವುಗಳ ವಿವರ ಕೋರ್ಟಿನ ಮುಂದೆ ಬರಲೇಬೇಕೆಂದು 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿವೀಕ್ಷಣಾಧಿಕಾರಿಯ ವರದಿಗೂ ಅಲ್ಲಿ ಸ್ಥಾನವಿದೆ. ಒಂದು ಜೀವ ಉಳಿಯಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ, ಎಂದೋ ಶಾಲೆ ಬಿಟ್ಟ ಹುಡುಗನ ಹಾಜರಿ ಪುಸ್ತಕವೂ ಮಾತನಾಡಬಲ್ಲದು ಎಂದಾಯಿತು.

ಇಪ್ಪತ್ತೊಂದರ ಒಳಗಿನವರು

ವಿದ್ಯಾರ್ಥಿಗಳೂ ಪಾಲಕರೂ ತಮಗಾಗಿಯೇ ತಿಳಿದಿರಬೇಕಾದ ಭಾಗ ಇದು. ಕಾಲೇಜಿನ ಗಲಾಟೆ, ಜಾತ್ರೆಯ ಹೊಡೆದಾಟ, ಗೆಳೆಯರ ಮಾತು ಕೇಳಿ ಮಾಡಿದ ಸಣ್ಣ ಕಳವು ಇಂಥವುಗಳಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಜೈಲಿನಿಂದ ದೂರ ಇಡಲೆಂದೇ 1958ರ ಕಾನೂನಿನಲ್ಲಿ 6ನೆಯ ಕಲಮು ಇದೆ. ಅಪರಾಧಿಗೆ 21 ವರ್ಷ ತುಂಬಿಲ್ಲದಿದ್ದರೆ, ಅಪರಾಧ ಜೀವಾವಧಿ ಶಿಕ್ಷೆಯಾಗುವಂಥದಲ್ಲದಿದ್ದರೆ, ಕೋರ್ಟು ಅವನನ್ನು ಸುಮ್ಮನೆ ಜೈಲಿಗೆ ಕಳಿಸುವಂತಿಲ್ಲ. ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ನೋಡಬೇಕು. ಆಮೇಲೂ ಜೈಲೇ ಸರಿ ಎನಿಸಿದರೆ ಕಾರಣ ಬರೆದಿಡಬೇಕು. ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವ ಅವಕಾಶ ಕೋರ್ಟಿಗಿದೆ. ಈ ಕಲಮನ್ನು ನೆನಪಿಸಿ ವರದಿ ತರಿಸಿರೆಂದು ಕೋರ್ಟನ್ನು ಕೇಳಬೇಕಾದವರು ಹುಡುಗನ ವಕೀಲರು. ಅವರಿಗೆ ನೆನಪಾಗದಿದ್ದರೆ ಪಾಲಕರೇ ನೆನಪಿಸಬಹುದು.

18 ತುಂಬದವರಿಗೆ 2015ರ ಬಾಲನ್ಯಾಯ ಕಾಯಿದೆ. ಮಗುವನ್ನು ಮೊದಲ ಸಲ ಬಾಲನ್ಯಾಯ ಮಂಡಳಿಯ ಮುಂದೆ ತಂದ ದಿನದಿಂದ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಬರಬೇಕು. ಅಧಿಕಾರಿ ಮನೆಗೆ ಬಂದಾಗ ಎಷ್ಟೋ ತಂದೆತಾಯಿಗಳು ಮರ್ಯಾದೆಗೆ ಅಂಜಿ ಎಲ್ಲವನ್ನೂ ಮುಚ್ಚಿಡುತ್ತಾರೆ. ‘ನಮ್ಮ ಹುಡುಗ ಅಂಥವನಲ್ರೀ’ ಎಂಬ ಒಂದೇ ಮಾತು. ಶಾಲೆ ಬಿಟ್ಟದ್ದು, ತಂದೆ ಕುಡಿಯುವುದು, ತಾಯಿ ಗುಳೆ ಹೋದದ್ದು, ಹುಡುಗ ಅಜ್ಜಿಯ ಬಳಿ ಬೆಳೆದದ್ದು ಇವೇ ಆ ಹುಡುಗನ ಪರವಾಗಿ ನಿಲ್ಲುವ ಸಂಗತಿಗಳು ಎಂದು ಅವರಿಗೆ ಹೇಳುವವರು ಯಾರು?

ಸೇರುವುದು ಹೇಗೆ?

ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯೂ., ಇಲ್ಲವೇ ಕಾನೂನು ಪದವಿ ಈ ದಾರಿಯ ಎರಡು ದೊಡ್ಡ ಬಾಗಿಲುಗಳು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ. ಕಾನೂನಿಗೆ ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜು ಈ ಭಾಗದವರಿಗೆ ಹಳೆಯ ಪರಿಚಯ. ಅಪರಾಧಶಾಸ್ತ್ರವನ್ನೇ ಓದಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಮಕ್ಕಳ ಪ್ರಕರಣಗಳಿಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಯ ಹುದ್ದೆ ಇದೆ. ಅದಕ್ಕೆ ಕಾನೂನು ಪದವಿ ಬೇಕು. ಇವು ಹೆಚ್ಚಾಗಿ ಗುತ್ತಿಗೆಯ ಹುದ್ದೆಗಳು ಎಂಬುದನ್ನು ಪಾಲಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಜಿಲ್ಲೆಯ ಕೆಲಸಕ್ಕೆ ಬೆರಳೆಣಿಕೆಯ ಜನ ಇಟ್ಟು, ಅವರನ್ನೂ ಗುತ್ತಿಗೆಯ ಮೇಲೆ ನಡೆಸಿ, ವರದಿ ಮಾತ್ರ ಹದಿನೈದು ದಿನದಲ್ಲಿ ಬೇಕೆನ್ನುವುದು ಯಾವ ನ್ಯಾಯವೋ!

ಕಾಯಂ ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಈ ಮೂರೂ ತಾಲ್ಲೂಕಿನವರಿಗೆ ಒಂದು ಅನುಕೂಲವಿದೆ. ಸಂವಿಧಾನದ 371ಜೆ ವಿಧಿಯಂತೆ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಬಿ ಗುಂಪಿನ ಹುದ್ದೆಗಳಲ್ಲಿ 100ಕ್ಕೆ 75, ಸಿ ಗುಂಪಿನಲ್ಲಿ 100ಕ್ಕೆ 80 ಈ ಭಾಗದವರಿಗೇ ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಕಾಲೇಜಿನಲ್ಲಿದ್ದಾಗಲೇ ಮಾಡಿಸಿಟ್ಟುಕೊಳ್ಳಿ.

ಪದವಿ ಮುಗಿಯುವವರೆಗೂ ಕಾಯಬೇಕೆಂದೇನಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕೋರ್ಟುಗಳಿವೆ, ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಅಲ್ಲಿ ಅರೆಕಾನೂನು ಸ್ವಯಂಸೇವಕರಾಗಿ ಕೆಲಸ ಕಲಿಯಬಹುದು. ಇನ್ನೊಬ್ಬರ ಅರ್ಜಿಯನ್ನು ಅವರದೇ ಮಾತಿನಲ್ಲಿ, ಒಂದಕ್ಷರ ಹೆಚ್ಚು ಮಾಡದೆ, ಕಡಿಮೆ ಮಾಡದೆ ಬರೆದುಕೊಡುವ ಅಭ್ಯಾಸ ಅಲ್ಲಿ ಆಗುತ್ತದೆ. ಮುಂದೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅದೇ.

ಇನ್ನೊಂದು ಮನೆ

ಈಗ ಮತ್ತೆ ಜೇವರ್ಗಿ ತಾಲ್ಲೂಕಿನ ಆ ಊಹೆಯ ಹಳ್ಳಿಗೆ. ಕೈದಿಯ ಮನೆಯ ವಿಚಾರಣೆ ಮುಗಿದಿದೆ. ತಾಯಿ ಅತ್ತಿದ್ದಾಳೆ. ಅಣ್ಣ ಪಹಣಿ ತೋರಿಸಿದ್ದಾನೆ. ಪಿ.ಯು.ಸಿ. ಹುಡುಗ, ‘ಬಂದರೆ ಅಪ್ಪ ಎಲ್ಲಿ ಮಲಗ್ತಾರ?’ ಎಂದು ಮಾತ್ರ ಕೇಳಿ ಸುಮ್ಮನಾಗಿದ್ದಾನೆ. ಕೊನೆಯ ಬಸ್ಸಿಗೆ ಇನ್ನು ಒಂದು ತಾಸು. ಫೈಲಿನಲ್ಲಿ ಒಂದು ಕಲಮು ಖಾಲಿ ಇದೆ. ಮೃತನ ಕುಟುಂಬದವರ ಹೇಳಿಕೆ.

ಎರಡು ಓಣಿ ಆಚೆ ಆ ಮನೆ. ಹೊಲದಿಂದ ಆಗಷ್ಟೇ ಬಂದ ಹೆಂಗಸು ಕೈಕಾಲು ತೊಳೆದು ಬಾಗಿಲಲ್ಲೇ ನಿಲ್ಲುತ್ತಾಳೆ. ಒಳಗೆ ಬನ್ನಿ ಎನ್ನುವುದಿಲ್ಲ. ಬಹಳ ಹೊತ್ತು ಮಾತೇ ಇಲ್ಲ. ಕೊನೆಗೆ ಹೇಳುತ್ತಾಳೆ: ‘ಬರ್ತಾನಂದ್ರ ಬರ್ಲಿ ಬಾಯಾರ. ನಾ ಬ್ಯಾಡಂದ್ರ ಹೋದಂವ ಎದ್ದು ಬರ್ತಾನೇನ್ರಿ? ಖರೆ, ನಮ್ಮ ಮನಿ ಮುಂದಿನ ಹಾದ್ಯಾಗ ಅಂವ ಹಾಯಬಾರ್ದು.’

ಇದನ್ನು ‘ಆಕ್ಷೇಪಣೆ ಇಲ್ಲ’ ಎಂದು ಬರೆಯಬಹುದು. ‘ಆಕ್ಷೇಪಣೆ ಇದೆ’ ಎಂದೂ ಬರೆಯಬಹುದು. ಅಧಿಕಾರಿ ಎರಡನ್ನೂ ಬರೆಯುವುದಿಲ್ಲ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾಳೆ. ಆಮೇಲೆ ಬಸ್ ನಿಲ್ದಾಣದ ಕಡೆ ಹೊರಟವಳು ತಿರುಗಿ, ಅಗಸಿಯಿಂದ ಕೈದಿಯ ಮನೆಗೆ ಬೇರೆ ದಾರಿ ಇದೆಯೇ ಎಂದು ಆಟವಾಡುತ್ತಿದ್ದ ಹುಡುಗರನ್ನು ಕೇಳುತ್ತಾಳೆ. ಬಾವಿಯ ಹಿಂದಿನಿಂದ, ಜಾಲಿಯ ಬೇಲಿಗೆ ಹತ್ತಿ ಒಂದು ಕಾಲುದಾರಿ ಇದೆ ಎನ್ನುತ್ತಾರೆ ಹುಡುಗರು. ಸೀರೆಯ ನೆರಿಗೆ ಎತ್ತಿ ಹಿಡಿದು, ಅವಳು ಆ ದಾರಿಯಲ್ಲಿ ಕೊನೆಯವರೆಗೂ ನಡೆದು ನೋಡುತ್ತಾಳೆ.